ಎಡಗೈ ಕೆಳಗೆ

ಮಾಸೂರು
18 ನವೆಂಬರ್ 2024

ಅಕೀಬನಿಗೆ ನಿನ್ನ ಮಾಮೂ ಫಕ್ರುಸಾಬನ ಸಲಾಂ.

ಫೋನ್ ಮಾಡಬೇಡ ಎಂದು ನಿನ್ನ ಮಾಮಿ ಚಮನಬಿಯಿಂದ ಹೇಳಿಸಿದ್ದೆ. ಆದರೂ ನಿನ್ನೆ ನಾಲ್ಕು ಸಲ ಮಾಡಿದ್ದೀಯ. ನಿನ್ನ ದನಿ ಕಿವಿಗೆ ಬಿದ್ದರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ, ಆಮೇಲೆ ಚಮನಬಿ ಎರಡು ದಿನ ನನ್ನೊಡನೆ ಮಾತು ಬಿಡುತ್ತಾಳೆ. ಹೇಳುವುದಿದ್ದರೆ ಬರೆದು ಹೇಳು. ನನಗೆ ಉರ್ದು ಓದಲು ಬರುವುದಿಲ್ಲ, ನಿನಗೆ ಬರೆಯಲು ಬರುವುದಿಲ್ಲ. ಇಬ್ಬರೂ ಕಲಿತದ್ದು ಕನ್ನಡ ಶಾಲೆಯಲ್ಲಿ, ಕನ್ನಡದಲ್ಲೇ ಜಗಳವಾಡೋಣ.

ನಿನ್ನೆ ಬೆಳಿಗ್ಗೆ ಚೌಡಪ್ಪನ ಕಟಿಂಗ್ ಅಂಗಡಿಯಲ್ಲಿ ಕೂತಿದ್ದೆ. ಬಂಕಾಪುರದ ಗಾಲ್ಫ್ ಮೈದಾನದ ಕೆಲಸ ಬಿಟ್ಟು ಮಗಳು ದಿಲ್ಶಾದಳ ಮನೆಗೆ ಬಂದ ಈ ಎಂಟು ತಿಂಗಳಲ್ಲಿ ಆ ಅಂಗಡಿಗೆ ಬರುವ ರೈತರಿಗೆಲ್ಲ ನಾನು ಒಂದು ಕೋಲು ಹಿಡಿದು ಗಾಲ್ಫ್ ತಿಳಿಸಿಕೊಟ್ಟಿದ್ದೇನೆ. ದೂರದ ಹೊಡೆತಗಳೆಲ್ಲ ಮುಗಿದ ಮೇಲೆ ಪಟ್ಟರ್ ಎಂಬ ಗಿಡ್ಡ ಕೋಲಿನಿಂದ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸಬೇಕು, ಸೋಲು ಗೆಲುವು ತೀರ್ಮಾನವಾಗುವುದು ಅಲ್ಲೇ, ಬಲಗೈ ರೂಢಿಯವನಾದರೆ ಎಡಗೈ ಮೇಲೆ, ಬಲಗೈ ಕೆಳಗೆ ಎಂದು. ಹೀಗೆ ನನ್ನಿಂದಲೇ ಕಲಿತ ಚೌಡಪ್ಪ ಪತ್ರಿಕೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು ಕೇಳಿದ: "ಫಕ್ರುಸಾಬರ, ಇಂವ ನಿಮ್ಮ ತಂಗಿ ಮಗ ಹೌದಲ್ರಿ? ಮತ್ತ ಕೋಲು ಉಲ್ಟಾ ಯಾಕ ಹಿಡಿದಾನ?"

ಅರ್ಧ ತಲೆ ಕತ್ತರಿಸಿಕೊಂಡು ಎದ್ದು ಬಂದೆ. ಉಳಿದ ಅರ್ಧ ಇನ್ನೂ ಹಾಗೇ ಇದೆ.

ಫೋಟೊ ಚೆನ್ನಾಗಿ ನೋಡಿದೆ. ಬಲಗೈ ಮೇಲೆ, ಎಡಗೈ ಕೆಳಗೆ. ಅದರಡಿ ದಪ್ಪ ಅಕ್ಷರದಲ್ಲಿ, ಹಳೆಯ ಪಾಠ ಮರೆತು ಗೆದ್ದ ಬಂಕಾಪುರದ ಕ್ಯಾಡಿ ಎಂದು ಬರೆದಿದ್ದಾರೆ. ಆ ಹಳೆಯ ಪಾಠ ಎಂದರೆ ನಾನು. ನಿನ್ನ ಅಬ್ಬಾ ತೀರಿಕೊಂಡಾಗ ನಿನಗೆ ಐದು ವರ್ಷ. ನನ್ನ ತಂಗಿ ನಸೀರಾಳನ್ನೂ ನಿನ್ನನ್ನೂ ಮನೆಗೆ ಕರೆತಂದವನು ನಾನು. ಜನ್ಮವಿಡೀ ದೊಡ್ಡವರ ಬ್ಯಾಗ್ ಹೊರುವ ಕ್ಯಾಡಿಯಾಗಿ ಉಳಿಯದೆ ನೀನೂ ಆಡುವವನಾಗಲಿ ಎಂದು ನಿನ್ನ ಕೈಗಳನ್ನು ಕೋಲಿಗೆ ಕೂಡಿಸಿದವನೂ ನಾನೇ.

ಹಾಗೆ ಹಿಡಿ ಎಂದು ನಿನಗೆ ಹೇಳಿದವರು ಯಾರು? ನನಗೆ ಆ ಹೆಸರು ಬೇಕು.

ಇನ್ನೊಂದು ಮಾತು. ಮೈದಾನದ ಒಡೆಯರು ರಾಜಕುಮಾರ ಧಣಿಗಳು ನನಗೆ ಕಾಗದ ಬರೆದಿದ್ದಾರೆ. ಜನವರಿಯಿಂದ ನನ್ನ ಜಾಗಕ್ಕೆ ಒಬ್ಬ ಉಸ್ತಾದ ಬೇಕಂತೆ. ವಾರವೆಲ್ಲ ಮೈದಾನ ನೋಡಿಕೊಳ್ಳಬೇಕು, ಭಾನುವಾರ ಶಾಲೆಯ ಮಕ್ಕಳಿಗೆ ಆಟ ಕಲಿಸಬೇಕು. ಹೊತ್ತ ಬ್ಯಾಗ್ ಇಳಿಸಿ ನಿಲ್ಲುವ ಕೆಲಸ. ನಾನು ಯಾರ ಹೆಸರು ಬರೆದು ಸಹಿ ಮಾಡುತ್ತೇನೋ ಅವನಿಗೇ ಕೊಡುತ್ತಾರಂತೆ. ನಿನ್ನ ಹೆಸರು ಬರೆದು ಇಟ್ಟಿದ್ದೆ. ಸಹಿ ಮಾಡಿಲ್ಲ. ಕೈ ಮೊದಲಿನಂತೆ ಮಾಡು, ಆಮೇಲೆ ಸಹಿ.

ಫಕ್ರುಸಾಬ


ಬಂಕಾಪುರ
24 ನವೆಂಬರ್ 2024

ಮಾಮೂಗೆ ಅಕೀಬನ ಸಲಾಂ. ಮಾಮಿಗೂ ದಿಲ್ಶಾದ ಆಪಾಗೂ ಸಲಾಂ ಹೇಳಿರಿ.

ನಿಮ್ಮ ಕಾಗದ ಗುರುವಾರ ಬಂತು. ಅಮ್ಮಿಗೆ ಓದಿ ಹೇಳಿದೆ, ಬೈಗುಳ ಬಂದ ಕಡೆಯೆಲ್ಲ ಕೆಮ್ಮುತ್ತ. ಅವರಿಗೆ ಗೊತ್ತಾಯಿತು. ನಕ್ಕರು.

ಆ ತಲೆಬರಹ ಪತ್ರಿಕೆಯವರದು. ನಾನು ಹೇಳಿದ್ದು ಇಷ್ಟೇ: "ಹಳೇ ಹಿಡಿತ ಕೈಗೆ ಒಗ್ಗಲಿಲ್ರಿ, ಅದಕ್ಕ ಬದಲಿಸೇನಿ." ನಿಮ್ಮ ಹೆಸರನ್ನೂ ಹೇಳಿದ್ದೆ, ನನ್ನ ಉಸ್ತಾದರು ಫಕ್ರುಸಾಬರು ಎಂದು. ಅದನ್ನು ಅವರು ಹಾಕಲಿಲ್ಲ. ಅದಕ್ಕೆ ನಾನು ಏನು ಮಾಡಲಿ?

ಮೂರು ವರ್ಷದಿಂದ ಕ್ಯಾಡಿಗಳ ಪಂದ್ಯದಲ್ಲಿ ನಾನು ಹೇಗೆ ಸೋಲುತ್ತಿದ್ದೆ ಎಂದು ನೀವೇ ನೋಡಿದ್ದೀರಿ. ಮೂರು ಅಡಿ ದೂರದ ಚೆಂಡು, ಹೊಸದಾಗಿ ಬಂದವನೂ ಬೀಳಿಸುವಂಥದ್ದು, ನಾನು ಬಿಡುತ್ತಿದ್ದೆ. ಕೋಲು ಚೆಂಡಿಗೆ ತಾಗುವ ಹೊತ್ತಿಗೆ ಬಲಗೈ ತಾನಾಗಿ ಅದುರುತ್ತಿತ್ತು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಕೈ ಅದಲು ಬದಲು ಮಾಡಿ ನೋಡಿದೆ. ಚೆಂಡು ನೆಟ್ಟಗೆ ಹೋಯಿತು. ಯಾರೂ ಹೇಳಿಕೊಟ್ಟಿಲ್ಲ, ಹೆಸರು ಕೊಡಲು ಹೆಸರೇ ಇಲ್ಲ. ಈ ತಿಂಗಳು ಗೆದ್ದದ್ದು ಎರಡು ಹೊಡೆತದಿಂದ. ನಿಮಗೆ ಖುಷಿಯಾಗುತ್ತದೆ ಎಂದುಕೊಂಡೇ ನಾಲ್ಕು ಸಲ ಫೋನ್ ಮಾಡಿದ್ದೆ.

ಇಲ್ಲಿ ಕೋಟೆ ಕಡೆಯ ನವಿಲುಗಳ ಕಾಟ ಮೊದಲಿನಂತೆಯೇ ಇದೆ. ನಮ್ಮ ಬಡ ಮೈದಾನದಲ್ಲಿ ಕುಳಿಯ ಸುತ್ತ ಹುಲ್ಲಿಲ್ಲದೆ ಮರಳಿಗೆ ಸುಟ್ಟ ಎಣ್ಣೆ ಕಲಸಿ ಬ್ರೌನ್ ಎಂಬ ಸಮತಟ್ಟು ನೆಲ ಮಾಡಿದ್ದನ್ನು ಅವು ಕೆದರಿ ಗುಡ್ಡೆ ಹಾಕುತ್ತವೆ. ಬೀರಪ್ಪ ದಿನಾ ಬೆಳಿಗ್ಗೆ ಅದನ್ನು ಸಮ ಮಾಡುತ್ತಾನೆ. ಪಂದ್ಯದ ದಿನ ನನ್ನ ಬ್ಯಾಗ್ ಹೊತ್ತವನೂ ಅವನೇ.

ಭಾನುವಾರದ ಪಾಠಕ್ಕೆ ಈಗಲೇ ಹದಿನಾಲ್ಕು ಮಕ್ಕಳು ಹೆಸರು ಕೊಟ್ಟಿದ್ದಾರೆ, ಐದು ಹುಡುಗಿಯರು. ಮಾಮೂ, ಆ ಕೆಲಸ ನನಗೆ ಬೇಕು. ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಬೇಕು. ಹಿಡಿತಕ್ಕೂ ಅದಕ್ಕೂ ಗಂಟು ಹಾಕಬೇಡಿ. ದಯಮಾಡಿ ಸಹಿ ಮಾಡಿರಿ.

ನಿಮ್ಮ ಅಕೀಬ


ಮಾಸೂರು
2 ಡಿಸೆಂಬರ್ 2024

ಅಕೀಬನಿಗೆ ಸಲಾಂ.

ಕಾಗದ ಓದಿದೆ. ಸಕ್ಕರೆ ಹಾಕಿ ಬರೆದಿದ್ದೀಯ. ಯಾರೂ ಹೇಳಿಕೊಟ್ಟಿಲ್ಲ ಎನ್ನುವ ಮಾತನ್ನು ನಿನ್ನ ಅಮ್ಮಿ ನಂಬಬಹುದು.

ನೀನು ದಸರೆಗೆ ಮುಂಚೆ ಎರಡು ಸಲ ಹುಬ್ಬಳ್ಳಿಗೆ ಹೋಗಿದ್ದೆಯಂತೆ. ಯಾಕೆ, ಯಾರನ್ನು ಕಾಣಲು? ಮನೆಯಲ್ಲಿ ಶಿಗ್ಗಾಂವಿಗೆ ಎಂದು ಹೇಳಿ ಹುಬ್ಬಳ್ಳಿ ಬಸ್ಸು ಹತ್ತಿದ್ದನ್ನು ಕಂಡವರಿದ್ದಾರೆ. ಮುಚ್ಚಿಡಬೇಡ. ಅಲ್ಲಿ ಯಾರೋ ನಿನ್ನ ಕೈ ಹಿಡಿದು ನೋಡಿದ್ದಾರೆ, ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ತಲೆ ತುಂಬಿದ್ದಾರೆ. ಅವರು ಏನು ಹೇಳಿದರು ಎಂದು ಒಂದೂ ಬಿಡದೆ ಬರೆ. ಮೊಬೈಲಿನಲ್ಲಿ ನೋಡಿ ಪಾಠ ಹೇಳುವ ಬಿಳಿ ಅಂಗಿಯವರು ಹುಬ್ಬಳ್ಳಿಯಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಒಬ್ಬನಾದರೂ ಬೆಳಗಾವಿಯಲ್ಲಿ ಇಪ್ಪತ್ತು ವರ್ಷ ಬ್ಯಾಗ್ ಹೊತ್ತು, ದೊಡ್ಡವರ ಹೊಡೆತ ಕದ್ದು ನೋಡಿ, ಮುರಿದ ಕೋಲು ಬೆಸೆದು ಆಟ ಕಲಿತಿದ್ದಾನೆಯೇ?

ನಿನಗೆ ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ಸವಣೂರಿನ ಗರಡಿ ಮನೆಯಲ್ಲಿ ನನ್ನ ಅಬ್ಬಾನ ಉಸ್ತಾದರು ಹೊಸಬರಿಗೆ ಚಿಲ್ಲಾ ಹಾಕಿಸುತ್ತಿದ್ದರು. ನಲವತ್ತು ದಿನ ಬಿಡದೆ ಒಂದೇ ಪಟ್ಟು. ಒಂದು ದಿನ ತಪ್ಪಿದರೂ ಮತ್ತೆ ಮೊದಲ ದಿನದಿಂದ ಶುರು. ಅದನ್ನು ಗಾಲ್ಫಿಗೆ ತಂದವನು ಈ ದೇಶದಲ್ಲಿ ನಾನೊಬ್ಬನೇ. ನಿನಗೆ ಹದಿಮೂರು ವರ್ಷವಿದ್ದಾಗ, ದಿನಾ ನಸುಕಿನ ಫಜರ್ ನಮಾಜು ಮುಗಿಸಿ ಬಂದು, ನಿನ್ನ ಎರಡೂ ಕೈಗಳನ್ನು ನನ್ನ ರುಮಾಲಿನಿಂದ ಪಟ್ಟರಿಗೆ ಬಿಗಿದು ಕಟ್ಟಿ ಎರಡು ತಾಸು ಆಡಿಸಿದೆ. ಬಲಗೈ ಕೆಳಗೆ. ನಲವತ್ತನೆಯ ದಿನ ಆಗಿನ ಒಡೆಯರಾದ ಹಿರಿಯ ಧಣಿಗಳ ಎದುರು, ಅವರ ಅತಿಥಿಗಳ ಎದುರು, ನೀನು ನೂರು ಚೆಂಡಿಗೆ ತೊಂಬತ್ತೊಂದು ಕುಳಿಗೆ ಬೀಳಿಸಿದೆ. ಅಷ್ಟು ದೊಡ್ಡವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಕೈಯನ್ನು ನೀನು ಈಗ ಒಗ್ಗುವುದಿಲ್ಲ ಎನ್ನುತ್ತೀಯ.

ನನಗೆ ಅರ್ಥವಾಗಿದೆ. ನಾಲ್ಕನೆಯ ಇಯತ್ತೆ ಓದಿದ ಮಾಮೂ ಉಸ್ತಾದ ಎಂದು ಹೇಳಿಕೊಳ್ಳಲು ನಿನಗೆ ನಾಚಿಕೆ. ಇರಲಿ. ಆದರೆ ಹದಿನಾಲ್ಕು ಮಕ್ಕಳ ಮುಂದೆ ನಿಂತು ನೀನು ಎಡಗೈ ಕೆಳಗೆ ಎಂದು ಕಲಿಸುವುದು ನನ್ನ ಸಹಿಯಿಂದ ಆಗಬಾರದು. ಡಿಸೆಂಬರ್ ಹದಿನೈದರವರೆಗೆ ನೋಡುತ್ತೇನೆ.

ಫಕ್ರುಸಾಬ


ಬಂಕಾಪುರ
9 ಡಿಸೆಂಬರ್ 2024

ಮಾಮೂ,

ಈ ಸಲ ಅಮ್ಮಿಗೆ ಕಾಗದ ಓದಿ ಹೇಳಿಲ್ಲ. ಕೆಮ್ಮಿ ಮುಗಿಯುವಂಥದ್ದಲ್ಲ ಅದು.

ನನ್ನ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ಜನ ಇಟ್ಟಿದ್ದೀರಿ ಎಂದು ಗೊತ್ತಾಯಿತು. ಹುಬ್ಬಳ್ಳಿಗೆ ಹೋಗಿದ್ದು ನಿಜ. ಯಾರ ಹತ್ತಿರ ಹೋಗಿದ್ದೆ ಎಂದು ಹೇಳುವುದಿಲ್ಲ. ಹೇಳಬಾರದು ಎಂದು ನಿಶ್ಚಯ ಮಾಡಿಕೊಂಡಿದ್ದೇನೆ, ಅದು ನಿಮ್ಮ ಒಳ್ಳೆಯದಕ್ಕೇ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನೀವು ಅಂದುಕೊಂಡಂತೆ ಬೇರೆ ಉಸ್ತಾದನನ್ನು ಹುಡುಕಿಕೊಂಡು ಹೋಗಿಲ್ಲ.

ನಿಮ್ಮ ತೊಂಬತ್ತೊಂದು ನನಗೂ ನೆನಪಿದೆ. ನಿಮಗೆ ನೆನಪಿಲ್ಲದ್ದು ಬೇರೆ. ಚಿಲ್ಲಾದ ಕೊನೆಯ ದಿನಗಳಲ್ಲಿ ನನಗೆ ಕೈ ನೋಯುತ್ತಿತ್ತು. ನೋವಾಗುತ್ತದೆ ಎಂದು ಅತ್ತಿದ್ದೆ. ನೀವು ಎಲ್ಲ ಕ್ಯಾಡಿಗಳ ಎದುರು ಹೇಳಿದಿರಿ: "ನೋವು ಅನ್ನಾವ ಮನಿಗೆ ಹೋಗಿ ಅವ್ವನ ಮಗ್ಗಲದಾಗ ಕುಂದರಲಿ." ಎಲ್ಲರೂ ನಕ್ಕರು. ಅಂದಿನಿಂದ ನಾನು ನೋವು ಎಂಬ ಮಾತನ್ನು ನಿಮ್ಮ ಎದುರು ಆಡಿಲ್ಲ. ಹದಿಮೂರು ವರ್ಷ.

ಅಮ್ಮಿಯನ್ನೂ ನನ್ನನ್ನೂ ಸಾಕಿದಿರಿ. ಮೊದಲ ಕಾಗದದಲ್ಲೂ ಅದನ್ನೇ ಹೇಳಿದಿರಿ. ನಾನು ಎಂದೂ ಮರೆತವನಲ್ಲ. ನಿಮಗೆ ನಾಚಿಕೊಂಡೆ ಎಂದು ಬರೆದಿರಲ್ಲ, ಅದನ್ನು ಓದಿ ಕಾಗದ ಹರಿದು ಹಾಕಬೇಕು ಎನಿಸಿತು. ಇಂಥ ಮನುಷ್ಯನಿಗಾಗಿಯೇ ನಾನು ಬಾಯಿ ಮುಚ್ಚಿಕೊಂಡು ಕೂತಿರುವುದು ಎಂದು ನನ್ನ ಮೇಲೇ ಸಿಟ್ಟು ಬಂತು.

ಈಗ ಕೇಳಿರಿ. ದಸರೆಯಿಂದ ನಾನು ಬ್ಯಾಗ್ ಹೊರುತ್ತಿಲ್ಲ. ಇನ್ನು ಮುಂದೆ ಹೊರಲಾರೆ. ಯಾಕೆ ಎಂದು ಕೇಳಬೇಡಿ. ಈಗ ಚೆಂಡು ಒರೆಸಿ, ಬಾವುಟ ಹಿಡಿದು ದಿನ ದೂಡುತ್ತಿದ್ದೇನೆ, ಎಷ್ಟು ದಿನ ಇಟ್ಟುಕೊಂಡಾರು? ಉಸ್ತಾದನ ಕೆಲಸ ಸಿಗದಿದ್ದರೆ ನಾನು ಮೈದಾನ ಬಿಡಬೇಕು. ಬೇರೆ ಕಸುಬು ನನಗೆ ಗೊತ್ತಿಲ್ಲ, ಆಟ ಬಿಟ್ಟರೆ ನನ್ನಲ್ಲಿ ಇನ್ನೇನೂ ಇಲ್ಲ. ಇದು ನಿಮಗೆ ಗೊತ್ತಿದ್ದೂ ಒಂದು ಹಿಡಿತಕ್ಕಾಗಿ ನನ್ನನ್ನು ಬೀದಿಗೆ ನಿಲ್ಲಿಸುತ್ತೀರಿ ಎಂದಾದರೆ ನಿಲ್ಲಿಸಿ.

ಕೈ ಬದಲಿಸುವುದಿಲ್ಲ.

ಅಕೀಬ


ಮಾಸೂರು
14 ಡಿಸೆಂಬರ್ 2024

ಅಕೀಬ,

ಉಸ್ತಾದನ ಕೆಲಸಕ್ಕೆ ಹಿರೇಬೆಂಡಿಗೇರಿಯ ಬೀರಪ್ಪ ಯೋಗ್ಯ ಎಂದು ಇವತ್ತು ಧಣಿಗಳಿಗೆ ಬರೆದು, ಸಹಿ ಮಾಡಿ, ನಾನೇ ಅಂಚೆಗೆ ಹಾಕಿ ಬಂದೆ. ನೀನು ಮಕ್ಕಳಿಗೆ ಕಲಿಸಲು ತಕ್ಕವನಲ್ಲ ಎಂದೂ ಬರೆದಿದ್ದೇನೆ.

ನನ್ನ ಒಳ್ಳೆಯದಕ್ಕೆ ಎಂದು ನನ್ನಿಂದ ಏನನ್ನೋ ಮುಚ್ಚಿಡುವಷ್ಟು ನೀನು ದೊಡ್ಡವನಾಗಿದ್ದೀಯ. ಹಾಗಾದರೆ ನಿನ್ನ ಹೊಟ್ಟೆಪಾಡನ್ನೂ ನೀನೇ ನೋಡಿಕೊ. ನನ್ನನ್ನು ಮಾಮೂ ಎಂದು ಕರೆಯಬೇಡ.

ಫಕ್ರುಸಾಬ


ಬಂಕಾಪುರ
20 ಡಿಸೆಂಬರ್ 2024

ಫಕ್ರುಸಾಬರಿಗೆ,

ಇದರ ಜೊತೆ ಒಂದು ಎಕ್ಸ್-ರೇ ಇದೆ. ಬೆಳಕಿಗೆ ಹಿಡಿದು ನೋಡಿ. ಹೆಬ್ಬೆರಳಿನ ಬುಡದ ಹತ್ತಿರ ಗೋಡಂಬಿಯಷ್ಟು ಸಣ್ಣ ಎಲುಬು ಎರಡು ತುಂಡಾಗಿರುವುದು ಕಾಣುತ್ತದೆ. ಅದು ನನ್ನ ಬಲಗೈ.

ಸೆಪ್ಟೆಂಬರಿನಲ್ಲಿ ಒಂದು ಬ್ಯಾಗ್ ಎತ್ತುವಾಗ ಕೈಯಲ್ಲಿ ಕಡಕ್ ಎಂದು ಸದ್ದಾಗಿ ಬ್ಯಾಗ್ ಕೆಳಗೆ ಬಿತ್ತು. ನೀವು ಹುಡುಕುತ್ತಿರುವ ಹುಬ್ಬಳ್ಳಿಯ ಉಸ್ತಾದ ಒಬ್ಬ ಎಲುಬಿನ ಡಾಕ್ಟರು. ಅವರು ಫಿಲ್ಮನ್ನು ಬಹಳ ಹೊತ್ತು ನೋಡಿ ಕೇಳಿದರು: "ಸಣ್ಣಾಂವ ಇದ್ದಾಗ ಕೈ ಊರಿ ಬಿದ್ದಿದ್ದೇನಪಾ? ಇದು ಇವತ್ತಿಂದಲ್ಲ. ಮುರದು ಹನ್ನೆರಡು, ಹದಿಮೂರು ವರ್ಷ ಆಗೇದ. ಆವಾಗ ಆರು ವಾರ ಅಲ್ಲಾಡಸದಂಗ ಇಟ್ಟಿದ್ರ ಕೂಡ್ತಿತ್ತು. ಯಾಕ ಯಾರೂ ತೋರಸಲಿಲ್ಲ?"

ನನಗೆ ಗೊತ್ತಿಲ್ಲ ಎಂದು ಸುಳ್ಳು ಹೇಳಿದೆ. ಗೊತ್ತಿತ್ತು. ಚಿಲ್ಲಾ ನಡೆದಿದ್ದಾಗ ಒಂದು ಸಂಜೆ ಬ್ರೌನಿನ ಮೇಲಿಂದ ನವಿಲುಗಳನ್ನು ಓಡಿಸಲು ಹೋಗಿ ಜಾರಿ ಅಂಗೈ ಊರಿ ಬಿದ್ದಿದ್ದೆ. ನೀವು ನೋಡಿ ಉಳುಕು ಎಂದಿರಿ. ಅಮ್ಮಿ ದಿನಾ ರಾತ್ರಿ ಅರಿಸಿನ ಸುಣ್ಣ ಹಚ್ಚಿದರು, ಬೆಳಿಗ್ಗೆ ನೀವು ರುಮಾಲು ಕಟ್ಟಿದಿರಿ. ಮುರಿದ ಎಲುಬನ್ನು ದಿನಾ ಎರಡು ತಾಸು ಮಡಚಿ ಮಡಚಿ ಆಡಿದೆ. ನಿಮ್ಮ ತೊಂಬತ್ತೊಂದು ಚೆಂಡು ಬಿದ್ದದ್ದು ಆ ಕೈಯಿಂದ.

ದೂರದ ಹೊಡೆತವನ್ನು ಪಟ್ಟಿ ಬಿಗಿದುಕೊಂಡು ಹಲ್ಲು ಕಚ್ಚಿ ಹೊಡೆಯಬಹುದು. ಪಟ್ಟರ್ ಹಿಡಿದಾಗ ಹಲ್ಲು ಕಚ್ಚಿದರೆ ನಡೆಯುವುದಿಲ್ಲ, ಮೈ ಸಡಿಲವಿರಬೇಕು. ಬಲಗೈ ಕೆಳಗಿದ್ದರೆ ಮಣಿಕಟ್ಟು ಬಾಗುತ್ತದೆ, ಬಾಗಿದರೆ ಚುಚ್ಚುತ್ತದೆ, ಅದಕ್ಕೇ ಅದುರುತ್ತಿತ್ತು. ಮೇಲಿದ್ದರೆ ಅದಕ್ಕೆ ಕೆಲಸವೇ ಇಲ್ಲ, ಎಡಗೈ ನಡೆಸಿಕೊಂಡು ಹೋಗುತ್ತದೆ. ಸೊಕ್ಕಿಗೆ ಬದಲಿಸಿದ ಹಿಡಿತವಲ್ಲ ಅದು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಒಂದು ತಾಸು ಕೂತಿದ್ದೆ. ಮಾಮೂಗೆ ಏನು ಗೊತ್ತಿತ್ತು, ಉಳುಕು ಎಂದುಕೊಂಡರು, ಗೊತ್ತಿದ್ದರೆ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಓಡುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲೇ ನಿಮ್ಮನ್ನು ಮಾಫ್ ಮಾಡಿದೆ. ಈ ವಯಸ್ಸಿನಲ್ಲಿ ಇದು ತಿಳಿದರೆ ನೀವು ಕುಸಿದು ಹೋಗುತ್ತೀರಿ, ಎಂದೂ ತಿಳಿಯಬಾರದು ಎಂದು ಅಮ್ಮಿಗೂ ಹೇಳದೆ ಬಸ್ಸು ಹತ್ತಿದೆ.

ಇವತ್ತು ನಿಮಗೆ ಹೇಳಿದೆ. ಪ್ರೀತಿಯಿಂದಲ್ಲ, ಸಿಟ್ಟಿನಿಂದ. ನಿಮಗೆ ನೋವಾಗಲಿ ಎಂದೇ ಕಳಿಸಿದ್ದೇನೆ.

ಅಕೀಬ


ಮಾಸೂರು
27 ಜನವರಿ 2025

ಅಕೀಬನಿಗೆ,

ಐದು ವಾರ ಉತ್ತರ ಬರೆಯಲಿಲ್ಲ. ಮೈ ಸರಿ ಇರಲಿಲ್ಲ ಎಂದು ಬರೆಯಬಹುದಿತ್ತು. ಮೈ ಸರಿ ಇತ್ತು. ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ ನನಗೆ ಗೊತ್ತಿರಲಿಲ್ಲ ಎಂದು ಬರೆದಿದ್ದೆ.

ಗೊತ್ತಿತ್ತು.

ನೀನು ಬಿದ್ದ ಮರುದಿನ ಚಿಲ್ಲಾದ ಮೂವತ್ತೊಂದನೆಯ ದಿನ. ರುಮಾಲು ಕಟ್ಟುವಾಗ ನಿನ್ನ ಹೆಬ್ಬೆರಳಿನ ಬುಡ ಉಬ್ಬಿತ್ತು. ಅಲ್ಲಿ ಒತ್ತಿದಾಗ ನೀನು ಕೂಗಿದ ರೀತಿ ಉಳುಕಿನದಲ್ಲ. ಆ ಮಧ್ಯಾಹ್ನವೇ ಹಾನಗಲ್ಲಿಗೆ ಹೋದೆ. ಅಲ್ಲಿ ಎಲುಬು ಕೂಡಿಸುವ ಒಬ್ಬ ಅಜ್ಜನಿದ್ದ. ನಿನ್ನನ್ನು ಕರೆದುಕೊಂಡು ಹೋಗಲಿಲ್ಲ. ನನ್ನ ಕೈ ಮೇಲೆ ಜಾಗ ತೋರಿಸಿ, ಪಕ್ಕದ ಮನೆಯ ಹುಡುಗ ಎಂದು ಹೇಳಿದೆ. ಅಜ್ಜ ಹೇಳಿದ: "ಆ ಹುಡುಗನ ಇವತ್ತ ಕರಕೊಂಡ ಬರ್ರಿ. ಆ ಜಾಗಾದಾಗ ಮುರದ್ರ ಕೈ ಅಲ್ಲಾಡಸಬಾರದು. ಅಲ್ಲಾಡಸಿದ್ರ ಜನ್ಮಕ್ಕ ಕೂಡಂಗಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಲೆಕ್ಕ ಹಾಕಿದ್ದು ಒಂದೇ. ಇನ್ನು ಒಂಬತ್ತು ದಿನ. ನಲವತ್ತನೆಯ ದಿನಕ್ಕೆ ಹಿರಿಯ ಧಣಿಗಳು ಅತಿಥಿಗಳನ್ನು ಕರೆದಿದ್ದರು. ನನ್ನ ಹುಡುಗ ನೂರಕ್ಕೆ ತೊಂಬತ್ತು ಬೀಳಿಸುತ್ತಾನೆ ಎಂದು ನಾನು ಎಲ್ಲರ ಎದುರು ಮೀಸೆ ತಿರುವಿದ್ದೆ. ಬಿಟ್ಟರೆ ಮತ್ತೆ ಮೊದಲ ದಿನದಿಂದ, ಅದೂ ಆರು ವಾರದ ಮೇಲೆ. ಒಂಬತ್ತು ದಿನದಲ್ಲಿ ಏನಾದೀತು, ಮುಗಿದ ಮೇಲೆ ತೋರಿಸೋಣ ಎಂದುಕೊಂಡೆ. ನಸೀರಾಗೆ ಉಳುಕು ಎಂದು ಹೇಳಿದೆ. ಮರುದಿನ ಬೆಳಿಗ್ಗೆ ಕಟ್ಟಿದೆ. ನೀನು ಅತ್ತೆ. ನಿನ್ನ ಬಾಯಿ ಮುಚ್ಚಿಸಲು ಎಲ್ಲರೆದುರು ಆ ಮಾತು ಆಡಿದೆ. ಅದು ನನಗೆ ನೆನಪಿಲ್ಲ ಎಂದು ನೀನು ಬರೆದೆ. ನೆನಪಿದೆ.

ನಲವತ್ತನೆಯ ದಿನ ಚಪ್ಪಾಳೆ ಬಿತ್ತು. ಹಿರಿಯ ಧಣಿಗಳು ಮೊದಲ ಸಲ ನನ್ನನ್ನು ಉಸ್ತಾದ ಎಂದು ಕರೆದರು. ಅಲ್ಲಿಯವರೆಗೆ ನಾನು ಬರೀ ಫಕ್ರ್ಯಾ. ಆ ದಿನದ ಮೇಲೆ ನಿನ್ನ ಕೈಯನ್ನು ಯಾರಿಗಾದರೂ ತೋರಿಸಿದ್ದರೆ, ಯಾವಾಗ ಮುರಿಯಿತು ಎಂದು ಅವರು ಕೇಳುತ್ತಿದ್ದರು. ಅದಕ್ಕೇ ಆಮೇಲೂ ತೋರಿಸಲಿಲ್ಲ.

ಚೌಡಪ್ಪನ ಅಂಗಡಿಯಲ್ಲಿ ಆ ಫೋಟೊ ನೋಡಿದ ಕೂಡಲೇ ನಿನ್ನ ಬಲಗೈ ಯಾಕೆ ಮೇಲೆ ಹೋಗಿದೆ ಎಂದು ನನಗೆ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಯಾರು, ಏನು ಹೇಳಿದರು ಎಂದು ನಾನು ಪೀಡಿಸಿದ್ದು ಹೊಟ್ಟೆಕಿಚ್ಚಿಗೆ ಅಲ್ಲ, ಹೆದರಿಕೆಗೆ. ನೀನು ಹಾಗೆ ಹಿಡಿದು ಆಡಿದಷ್ಟು ದಿನ ಯಾರಾದರೂ ಕಾರಣ ಕೇಳುತ್ತಾರೆ. ನಿನ್ನ ಕೈ ಮೊದಲಿನಂತಾದರೆ ಸಾಕಾಗಿತ್ತು ನನಗೆ. ನಿನಗೆ ನೋವಾದರೂ ಚಿಂತೆಯಿರಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ರಾಜಕುಮಾರ ಧಣಿಗಳಿಗೂ ಇದೆಲ್ಲವನ್ನೂ ಬರೆದು ಇವತ್ತೇ ಕಳಿಸಿದ್ದೇನೆ. ನಾನು ಬರೆದುಕೊಟ್ಟ ಹಳೆಯ ಕಾಗದ ಸುಳ್ಳು, ಆ ಕೆಲಸ ನಿನ್ನದು ಎಂದು ಬರೆದಿದ್ದೇನೆ. ಚಮನಬಿಗೂ ದಿಲ್ಶಾದಳಿಗೂ ಹೇಳಿದೆ. ಚಮನಬಿ ಈ ಸಲ ಜಗಳವಾಡಲಿಲ್ಲ, ಊಟ ಬಡಿಸುತ್ತಾಳೆ, ಮುಖ ನೋಡುವುದಿಲ್ಲ.

ಮಾಫ್ ಮಾಡು ಎಂದು ಕೇಳುತ್ತೇನೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಒಂದು ಸಲ ಮಾಡಿದ್ದೆಯಂತಲ್ಲ.

ಫಕ್ರುಸಾಬ


ಬಂಕಾಪುರ
9 ಫೆಬ್ರವರಿ 2025

ಫಕ್ರುಸಾಬರಿಗೆ ಅಕೀಬ ಬರೆಯುವುದು.

ಧಣಿಗಳು ಸೋಮವಾರ ಕರೆಸಿದ್ದರು. ನಿಮ್ಮ ಕಾಗದ ಅವರ ಮೇಜಿನ ಮೇಲಿತ್ತು. ಬೀರಪ್ಪನನ್ನು ಜನವರಿ ಒಂದಕ್ಕೇ ತೆಗೆದುಕೊಂಡಾಗಿದೆ, ಅವನ ತಪ್ಪಿಲ್ಲದೆ ಅವನನ್ನು ತೆಗೆಯಲು ಆಗುವುದಿಲ್ಲ ಎಂದರು. ಅದು ನ್ಯಾಯವೇ. ಆ ಕೆಲಸ ನನಗೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ನಿಮ್ಮ ಕಾಗದ ಐದು ವಾರ ಮೊದಲು ಬಂದಿದ್ದರೆ ಸಿಗುತ್ತಿತ್ತು. ನೀವು ಹರಿದು ಹಾಕಿದ ನಾಲ್ಕು ಕಾಗದಗಳ ಹೊತ್ತಿನಲ್ಲಿ ಅದು ಹೋಯಿತು.

ಹೊರಗೆ ಬಂದರೆ ಬೀರಪ್ಪ ಬಾಗಿಲಲ್ಲೇ ನಿಂತಿದ್ದ. "ಮೈದಾನ ನಾ ನೋಡಕೋತೇನಿ. ಹುಡುಗರಿಗೆ ಪಟ್ ಹೊಡಿಯೂದು ನನಗ ಕಲಸಾಕ ಬರಂಗಿಲ್ಲ, ಅದನ್ನ ನೀ ಕಲಸು" ಎಂದ. ಒಳಗೆ ಹೋಗಿ ಧಣಿಗಳನ್ನೂ ಒಪ್ಪಿಸಿದ. ಭಾನುವಾರ ಮಾತ್ರ, ಬೀರಪ್ಪನ ಕೈಕೆಳಗೆ. ಉಳಿದ ದಿನ ಶಿಗ್ಗಾಂವಿಯಲ್ಲಿ ಒಂದು ಸೈಕಲ್ ಅಂಗಡಿಯಲ್ಲಿ ಕೂರುತ್ತೇನೆ. ಭಾರ ಎತ್ತುವುದಿಲ್ಲ.

ಇವತ್ತು ನನ್ನ ಮೊದಲ ಪಾಠ. ಭಾಗ್ಯಶ್ರೀ ಎಂಬ ಹುಡುಗಿ ಯಾವ ಕೈ ಕೆಳಗೆ ಇಡಬೇಕು ಎಂದು ಕೇಳಿದಳು. ಎರಡೂ ತೋರಿಸಿದೆ. ಸರಿಯಾದದ್ದು ಯಾವುದು ಎಂದು ಮತ್ತೆ ಕೇಳಿದಳು. "ಚೆಂಡು ನೆಟ್ಟಗೆ ಹೋಗೂದು ಸರಿ. ಕೈ ನೋವಾದ್ರ ಆವಾಗ ನನಗ ಹೇಳಬೇಕು" ಎಂದೆ. ಹದಿನಾಲ್ಕು ಮಕ್ಕಳಿಂದಲೂ ಅದೊಂದು ಮಾತು ಹೇಳಿಸಿಕೊಂಡೇ ಕೋಲು ಕೊಟ್ಟೆ.

ಅಮ್ಮಿಗೆ ಎಲ್ಲ ಕಾಗದಗಳನ್ನೂ ಮೊದಲಿನಿಂದ ಓದಿದೆ, ಈ ಸಲ ಒಂದಕ್ಷರ ನುಂಗದೆ. ನಿಮ್ಮ ಮಾತು ನಂಬಿ ತಾವೇ ದಿನಾ ಅರಿಸಿನ ಹಚ್ಚಿದ್ದನ್ನು ನೆನೆದು ನನ್ನ ಕೈ ಹಿಡಿದುಕೊಂಡು ಕೂತರು. ನಿಮ್ಮನ್ನು ಭಾಯಿ ಎಂದು ಕರೆಯಲು ಬಾಯಿ ಬಂದ ದಿನ ಮಾಸೂರಿಗೆ ಬರುತ್ತಾರಂತೆ. ನಾನು ತಡೆಯುವುದಿಲ್ಲ. ನಾನು ಬರುವುದೂ ಇಲ್ಲ.

ಮಾಫಿಯ ಮಾತು. ಆ ಮೆಟ್ಟಿಲ ಮೇಲೆ ನಾನು ಮಾಫ್ ಮಾಡಿದ್ದು ಏನೂ ಗೊತ್ತಿಲ್ಲದ ಒಬ್ಬ ಮಾಮೂನನ್ನು. ಅಂಥವರು ಇರಲೇ ಇಲ್ಲ ಎಂದು ನೀವೇ ಬರೆದಿದ್ದೀರಿ. ಹಾನಗಲ್ಲಿನಿಂದ ಬಸ್ಸಿನಲ್ಲಿ ಬಂದು ಮರುದಿನ ರುಮಾಲು ಕಟ್ಟಿದವರನ್ನು ನಾನು ಇನ್ನೂ ಮಾಫ್ ಮಾಡಿಲ್ಲ. ಮಾಡುತ್ತೇನೋ ಇಲ್ಲವೋ ನನಗೆ ತಿಳಿಯದು.

ನಿಜ ಬರೆಯಲು ಶುರು ಮಾಡಿದ್ದೀರಿ, ನಿಲ್ಲಿಸಬೇಡಿ. ಬಂದ ಕಾಗದವನ್ನೆಲ್ಲ ಓದುತ್ತೇನೆ. ಉತ್ತರ ಬರೆಯುವುದಿಲ್ಲ.

ಅಕೀಬ